ಇದ್ದಿಲಿನ ಬಾರ್ಬೆಕ್ಯೂ ಕೊಳ್ಳುವ ಮುನ್ನ: ತಾರಸಿಗೆ ಯಾವುದು, ತೋಟಕ್ಕೆ ಯಾವುದು?

ನಾನು ಮೊದಲು ಕೊಂಡ ಬಾರ್ಬೆಕ್ಯೂ ನಾಲ್ಕನೇ ಭಾನುವಾರ ನೋಡಲಿಲ್ಲ. ಸೂಟ್‌ಕೇಸಿನ ಹಾಗೆ ಮಡಚುವ ಒಲೆ ಅದು. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮೂರನೇ ಸಲ ಕೆಂಡ ತುಂಬಿ, ಕೋಳಿ ಇಟ್ಟು, ತಾರಸಿಯ ಮೇಲೆ ಎಲ್ಲರೂ ಸುತ್ತ ಕೂತಿದ್ದೆವು. ಟಣ್ ಅಂತ ಸದ್ದಾಯಿತು. ನೋಡಿದರೆ ತಳದ ತಗಡು ಹಪ್ಪಳದ ಹಾಗೆ ಉಬ್ಬಿತ್ತು, ಒಂದು ಕಾಲು ಸೊಟ್ಟಗಾಗಿತ್ತು, ಕೆಂಡವೆಲ್ಲ ಒಂದೇ ಮೂಲೆಗೆ ಜಾರಿತ್ತು. ಆ ಮೂಲೆಯ ಲೆಗ್ ಪೀಸುಗಳು ಕರಿಕಲಾದವು, ಈ ಕಡೆಯವು ಹಸಿಹಸಿ. ಕೊನೆಗೆ ಎಲ್ಲವನ್ನೂ ಕೆಳಗೆ ಒಯ್ದು ಬಾಣಲೆಯಲ್ಲಿ ಹುರಿದು ತಿಂದೆವು.

ಆಮೇಲೆ ಎರಡು ಒಲೆ ಕೊಂಡೆ, ಒಂದನ್ನು ಮಾಡಿಸಿದೆ. ಈಗ ಯಾರಾದರೂ "ಬಾರ್ಬೆಕ್ಯೂ ತಗೋಬೇಕು, ಯಾವುದು ಒಳ್ಳೇದು?" ಅಂತ ಕೇಳಿದರೆ ಕಂಪನಿಯ ಹೆಸರು ಹೇಳುವುದಿಲ್ಲ. "ಎಲ್ಲಿ ಇಡ್ತೀರ? ತಿಂಗಳಿಗೆ ಎಷ್ಟು ಸಲ ಹಚ್ತೀರ?" ಅಂತ ತಿರುಗಿ ಕೇಳುತ್ತೇನೆ.

ಮೊದಲು ಜಾಗ

ಇದ್ದಿಲ ಒಲೆಗೆ ತೆರೆದ ಆಕಾಶ ಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿ ಲೆಕ್ಕಕ್ಕೆ ಬರುವುದಿಲ್ಲ. ಹೊಗೆ ಮೇಲಿನ ಮನೆಯವರ ಒಣಗಿಸಿದ ಬಟ್ಟೆಗೆ ಹೋಗುತ್ತದೆ, ಕಿಡಿ ಕೆಳಗಿನ ಮನೆಯವರ ಪರದೆಗೆ. ಬಾಲ್ಕನಿ ಬಿಟ್ಟರೆ ಬೇರೆ ಜಾಗವೇ ಇಲ್ಲ ಅನ್ನುವವರು ಕರೆಂಟಿನ ಗ್ರಿಲ್ ತಗೊಳ್ಳಿ, ಇಲ್ಲಿಗೇ ಓದು ನಿಲ್ಲಿಸಬಹುದು. ಸ್ವಂತ ತಾರಸಿ, ಅಂಗಳ, ಹಿತ್ತಿಲು, ತೋಟ ಇದ್ದವರು ಮುಂದೆ ಬನ್ನಿ.

ತಾರಸಿಯಲ್ಲಿ ನೋಡಬೇಕಾದ್ದು ಗಾಳಿ. ಬೆಂಗಳೂರಿನಲ್ಲಿ ಜೂನ್ ಜುಲೈ ತಿಂಗಳ ಸಂಜೆ ಮೂರನೇ ಮಹಡಿಯ ಮೇಲೆ ನಿಂತವರಿಗೆ ನಾನು ಹೇಳುವುದೇ ಬೇಡ. ಮುಚ್ಚಳವಿಲ್ಲದ ಒಲೆಯಲ್ಲಿ ಕೆಂಡ ಭಗ್ಗನೆ ಉರಿದು ಅರ್ಧ ಗಂಟೆಯಲ್ಲಿ ಬೂದಿಯಾಗುತ್ತದೆ. ತಾರಸಿಗೆ ಮುಚ್ಚಳವಿರುವ ಒಲೆಯೇ ಬೇಕು. ವಾಟರ್‌ಪ್ರೂಫಿಂಗ್ ಬಳಿದ ತಾರಸಿ ಆದರೆ ಒಲೆಯ ಕೆಳಗೆ ನಾಲ್ಕು ಇಟ್ಟಿಗೆ ಅಥವಾ ಒಂದು ಹಳೆ ಕಡಪ ಕಲ್ಲು ಇಡಿ. ಕಾದ ಬೂದಿ ಬಿದ್ದರೆ ಆ ಲೇಪ ಗುಳ್ಳೆ ಏಳುತ್ತದೆ.

ತಿಂಗಳಿಗೆ ಎಷ್ಟು ಸಲ ಅನ್ನುವುದು ಸ್ವಲ್ಪ ಮುಜುಗರದ ಪ್ರಶ್ನೆ. ಕೊಳ್ಳುವಾಗ ಎಲ್ಲರೂ "ಪ್ರತಿ ಭಾನುವಾರ" ಅನ್ನುತ್ತಾರೆ. ನಿಜವಾಗಿ ಹೊಸ ವರ್ಷಕ್ಕೊಮ್ಮೆ, ಯಾರದ್ದಾದರೂ ಹುಟ್ಟುಹಬ್ಬಕ್ಕೊಮ್ಮೆ. ವರ್ಷಕ್ಕೆ ಮೂರು ನಾಲ್ಕು ಸಲ ಹಚ್ಚುವವರಿಗೆ ದುಬಾರಿ ಒಲೆ ಸುಮ್ನೆ ಖರ್ಚು, ಜಾಗವೂ ದಂಡ.

ಅಳತೆಗೆ ಒಂದು ನ್ಯೂಸ್ ಪೇಪರ್

ಡಬ್ಬದ ಮೇಲೆ "6 ಜನಕ್ಕೆ", "8 ಜನಕ್ಕೆ" ಅಂತ ಬರೆದಿರುತ್ತದೆ. ನಂಬಬೇಡಿ. ಜಾಲರಿಯ ಉದ್ದ ಅಗಲ ಸೆಂಟಿಮೀಟರಿನಲ್ಲಿ ಎಲ್ಲೋ ಕೊಟ್ಟಿರುತ್ತಾರೆ, ಅದನ್ನು ಹುಡುಕಿ. ಅದೇ ಅಳತೆಗೆ ನ್ಯೂಸ್ ಪೇಪರ್ ಕತ್ತರಿಸಿ. ನಿಮ್ಮ ಮನೆಗೆ ತರುವಷ್ಟು ಲೆಗ್ ಪೀಸ್, ಮೀನು, ಜೋಳದ ತೆನೆ ಎಷ್ಟಾಗುತ್ತದೋ ಅಷ್ಟಕ್ಕೆ ಚಮಚ, ಲೋಟ ಏನಾದರೂ ಅದರ ಮೇಲೆ ಜೋಡಿಸಿ. ಮೂರರಲ್ಲಿ ಒಂದು ಭಾಗ ಖಾಲಿ ಉಳಿಯಬೇಕು. ಉಳಿಯದಿದ್ದರೆ ಒಲೆ ಚಿಕ್ಕದಾಯಿತು.

ಆ ಖಾಲಿ ಭಾಗ ಯಾಕೆ ಅಂದರೆ, ಕೆಂಡವನ್ನು ಒಲೆಯ ತುಂಬ ಹರಡಬಾರದು. ಒಂದು ಕಡೆ ರಾಶಿ, ಇನ್ನೊಂದು ಕಡೆ ಬರಿದು. ಕೊಬ್ಬು ತೊಟ್ಟಿಕ್ಕಿ ಬೆಂಕಿ ಮೇಲೆದ್ದಾಗ ಪೀಸನ್ನು ಬರಿದು ಕಡೆಗೆ ಸರಿಸಿದರೆ ಸಾಕು. ನೀರು ಚಿಮುಕಿಸಿ ಬೂದಿ ಹಾರಿಸುವ ಗೋಜೇ ಇಲ್ಲ. ಇದಕ್ಕೆ ಜಾಗ ಕೊಡದ ಒಲೆಯಲ್ಲಿ ಎಷ್ಟೇ ಚೆನ್ನಾಗಿ ಮಸಾಲೆ ಹಚ್ಚಿದರೂ ಹೊರಗೆ ಕರಿ, ಒಳಗೆ ಹಸಿ. ನನ್ನ ಮಡಚುವ ಒಲೆಯ ಜಾಲರಿ 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ. ಇಬ್ಬರಿಗೆ ಸರಿ, ನಾಲ್ವರಿಗೆ ಸರದಿ ಕಾಯಬೇಕು. ದುಂಡನೆಯ ಒಲೆಗಳಲ್ಲಿ 47 ಮತ್ತು 57 ಸೆಂ.ಮೀ. ವ್ಯಾಸದವು ಹೆಚ್ಚು ಸಿಗುತ್ತವೆ. ನಾಲ್ಕೈದು ಜನರ ಮನೆಗೆ 47 ನಡೆಯುತ್ತದೆ. ಆಗಾಗ ನೆಂಟರು ಬರುವ ಮನೆಗೆ 57.

ಯಾವ ಬಗೆಯ ಒಲೆ?

ಮಡಚುವ ಒಲೆ ಹಗುರ, ಅಗ್ಗ, ಕಾರಿನ ಡಿಕ್ಕಿಯಲ್ಲಿ ಬ್ಯಾಗಿನ ಪಕ್ಕ ಸೇರಿಕೊಳ್ಳುತ್ತದೆ. ಕ್ಯಾಂಪಿಂಗಿಗೆ ಇದೇ ಸೈ, ತಗಡು ದಪ್ಪವಿದ್ದರೆ. ಬಕೆಟ್ಟಿನ ಆಕಾರದ ಚಿಕ್ಕ ಒಲೆಗಳೂ ಇವೆ. ಅವು ಹೆಚ್ಚು ಕಡಿಮೆ ನಮ್ಮ ಹಳೆಯ ಅಗ್ಗಿಷ್ಟಿಕೆಯೇ. ಆಳವಿರುವುದರಿಂದ ಗಾಳಿಗೆ ಕೆಂಡ ಹಾರುವುದಿಲ್ಲ, ನೆಲಕ್ಕೂ ಬಿಸಿ ಅಷ್ಟಾಗಿ ತಾಗುವುದಿಲ್ಲ.

ದುಂಡು ಹೊಟ್ಟೆ, ದುಂಡು ಮುಚ್ಚಳದ ಒಲೆಗೆ ಕೆಟಲ್ ಅನ್ನುತ್ತಾರೆ. ಅದು ಹುಟ್ಟಿದ್ದೇ ಗಾಳಿಯ ಕಾಟದಿಂದ. 1952ರಲ್ಲಿ ಅಮೆರಿಕದ ಶಿಕಾಗೋ ಕಡೆ ಜಾರ್ಜ್ ಸ್ಟೀಫನ್ ಅನ್ನುವವರು ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಗಳು ತಯಾರಾಗುತ್ತಿದ್ದವು. ಮನೆಯ ತೆರೆದ ಒಲೆಯಲ್ಲಿ ಗಾಳಿಗೆ ಬೂದಿ ಹಾರಿ ಊಟ ಕೆಡುತ್ತಿದ್ದುದನ್ನು ನೋಡಿ ಬೇಸತ್ತು, ಅಂಥ ಒಂದು ಬುರುಡೆಯನ್ನು ಎರಡು ಹೋಳು ಮಾಡಿದರು. ಕೆಳಗಿನ ಹೋಳಿಗೆ ಕಾಲು, ಮೇಲಿನದಕ್ಕೆ ಹಿಡಿ. ಇವತ್ತು ಅಂಗಡಿಯಲ್ಲಿ ಕಾಣುವ ಕೆಟಲ್ ಒಲೆಗಳ ಮೂಲ ಅದೇ. ಮನೆಗೆ ಒಂದೇ ಒಲೆ ಅನ್ನುವುದಾದರೆ ನನ್ನ ಓಟು ಇದಕ್ಕೆ. ಮುಚ್ಚಳ ತೆಗೆದರೆ ಸುಡಬಹುದು, ಮುಚ್ಚಿದರೆ ಇಡೀ ಕೋಳಿ ಬೇಯಿಸಬಹುದು. ಬೆಲೆ ಮಾತ್ರ ಮಡಚುವ ಒಲೆಯ ಹಲವು ಪಟ್ಟು.

ಪಿಂಗಾಣಿಯ ಕಮಾಡೊ ಒಲೆ ನೋಡಲು ದೊಡ್ಡ ಮೊಟ್ಟೆಯ ಹಾಗೆ. ಶಾಖ ಹಿಡಿದಿಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ದೊಡ್ಡ ಗಾತ್ರದ್ದು 60-70 ಕೆ.ಜಿ. ತೂಗುತ್ತದೆ. ಬಾಡಿಗೆ ಮನೆಯವರು ಅದರ ಕಡೆ ನೋಡಬೇಡಿ. ಮನೆ ಖಾಲಿ ಮಾಡುವ ದಿನ ನೆನಪಾಗುತ್ತದೆ.

ಅಂಗಡಿಯಲ್ಲಿ ಮುಟ್ಟಿ ನೋಡಿ

ಆದಷ್ಟು ಅಂಗಡಿಗೇ ಹೋಗಿ ಕೊಳ್ಳಿ ಅನ್ನುವುದು ಇದಕ್ಕೇ. ಮೊದಲು ತಳದ ತಗಡನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ. ಬಿಸ್ಕತ್ ಡಬ್ಬದ ಮುಚ್ಚಳದ ಹಾಗೆ ಟಕ್ ಅಂತ ಒಳಗೆ ಹೋಗಿ ಹೊರಗೆ ಬಂದರೆ ವಾಪಸ್ ಇಡಿ. ಅದು ನನ್ನ ಮೊದಲ ಒಲೆಯ ತಮ್ಮ. ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 20 ಗೇಜ್ ಸುಮಾರು 0.9. ಕೆಂಡ ಕೂರುವ ಜಾಗಕ್ಕೆ ಇದಕ್ಕಿಂತ ತೆಳು ಬೇಡ.

ಆಮೇಲೆ ಕೆಂಡ ಎಲ್ಲಿ ಕೂರುತ್ತದೆ ಅಂತ ಬಗ್ಗಿ ನೋಡಿ. ಇದ್ದಿಲನ್ನು ನೇರ ತಳದ ತಗಡಿನ ಮೇಲೆ ಸುರಿಯುವ ಒಲೆಗಳು ಬಹಳ. ಅಂಥವುಗಳಲ್ಲಿ ಕೆಂಡಕ್ಕೆ ಅಡಿಯಿಂದ ಗಾಳಿ ಸಿಗುವುದಿಲ್ಲ. ಬೂದಿ ಸೇರಿದಂತೆ ಅದೇ ಬೂದಿಯಲ್ಲಿ ಕೆಂಡ ಉಸಿರು ಕಟ್ಟಿ ಸಾಯುತ್ತದೆ. ನೀವು ಮೊರ ಹಿಡಿದು ಬೀಸುತ್ತಲೇ ಇರಬೇಕು. ಒಳ್ಳೆಯ ಒಲೆಯಲ್ಲಿ ಎರಡು ಜಾಲರಿ ಇರುತ್ತವೆ. ಕೆಳಗಿನದು ಕೆಂಡಕ್ಕೆ, ಮೇಲಿನದು ಊಟಕ್ಕೆ. ಎರಡರ ನಡುವೆ 10ರಿಂದ 15 ಸೆಂ.ಮೀ. ಇರಬೇಕು, ಅಂದರೆ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳನ್ನು ಅಡ್ಡ ಹಿಡಿದರೆ ಒಂದೂವರೆಯಿಂದ ಎರಡು ಸಲ ಹಿಡಿಸುವಷ್ಟು. ಮೇಲಿನ ಜಾಲರಿಯನ್ನು ಏರಿಸಿ ಇಳಿಸುವ ಖಾಂಚೆ ಇದ್ದರೆ ಇನ್ನೂ ಒಳ್ಳೇದು.

ಗಾಳಿಯ ಕಿಂಡಿ ತಳದಲ್ಲೂ ಬೇಕು, ಮುಚ್ಚಳದಲ್ಲೂ ಬೇಕು. ತಳದ್ದರಿಂದ ಗಾಳಿ ಒಳಗೆ ಬರುತ್ತದೆ, ಮೇಲಿನದು ಹೊಗೆಯ ಜೊತೆ ಅದನ್ನು ಎಳೆದುಕೊಳ್ಳುತ್ತದೆ. ಬೆಂಕಿ ಜೋರು ಬೇಕಾದರೆ ಎರಡೂ ತೆರೆ, ಸಣ್ಣ ಬೇಕಾದರೆ ಕೆಳಗಿನದನ್ನು ಅರ್ಧ ಮುಚ್ಚು. ಗ್ಯಾಸ್ ಒಲೆಗೆ ತಿರುಗಣೆ ಏನೋ ಇದಕ್ಕೆ ಕಿಂಡಿ ಅದು. ಕಿಂಡಿಯ ಮುಚ್ಚಿಗೆಯನ್ನು ಅಂಗಡಿಯಲ್ಲೇ ನಾಲ್ಕು ಸಲ ತಿರುಗಿಸಿ ನೋಡಿ. ತೀರ ಸಡಿಲವಾಗಿ ತಾನೇ ಜಾರುವುದೂ ಬೇಡ, ಇಕ್ಕಳ ಬೇಕಾಗುವಷ್ಟು ಬಿಗಿಯೂ ಬೇಡ.

ಮುಚ್ಚಳ ಸರಿಯಾಗಿ ಕೂರುತ್ತದೆಯೋ ಅಂತ ನೋಡಲು ಒಂದು ಉಪಾಯವಿದೆ. ಮೊಬೈಲಿನ ಟಾರ್ಚ್ ಹಚ್ಚಿ ಒಲೆಯೊಳಗೆ ಇಡಿ, ಕಿಂಡಿ ಮುಚ್ಚಿ, ಮುಚ್ಚಳ ಹಾಕಿ. ಅಂಚಿನ ಸುತ್ತ ಬೆಳಕು ಎಷ್ಟು ಸೋರುತ್ತದೆ ನೋಡಿ. ಅಲ್ಲಲ್ಲಿ ಎಳೆ ಬೆಳಕು ಪರವಾಗಿಲ್ಲ. ಬೆರಳು ತೂರುವಷ್ಟು ಸಂದು ಇದ್ದರೆ ಆ ಮುಚ್ಚಳ ಇದ್ದೂ ಇಲ್ಲದ ಹಾಗೆ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ ಬಿಡಿ.

ಊಟದ ಜಾಲರಿ ಮೂರು ಬಗೆ. ಕ್ರೋಮ್ ಬಳಿದ ತಂತಿ ಅಗ್ಗ, ಕೆಲವೇ ಸಲಕ್ಕೆ ಲೇಪ ಎದ್ದು ತುಕ್ಕು ಹಿಡಿಯುತ್ತದೆ. ಸ್ಟೀಲ್ ಬಾಳುತ್ತದೆ. ಬೀಡು ಕಬ್ಬಿಣದ್ದು ಶಾಖ ಹಿಡಿಯುವುದರಲ್ಲಿ ರಾಜ, ಆದರೆ ದೋಸೆ ಕಾವಲಿಯ ಹಾಗೆ ಎಣ್ಣೆ ಸವರಿ ಪಳಗಿಸಬೇಕು. ಒದ್ದೆ ಬಿಟ್ಟರೆ ಮಾರನೇ ದಿನವೇ ಕೆಂಪು. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಬಾಗಿಲಿಂದ ಒಂದು ಮ್ಯಾಗ್ನೆಟ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ತುಕ್ಕು ಸುಲಭಕ್ಕೆ ಹಿಡಿಯದ 304 ದರ್ಜೆಯ ಸ್ಟೀಲಿಗೆ ಅದು ಅಂಟುವುದು ತೀರ ಕಡಿಮೆ. ಗಟ್ಟಿಯಾಗಿ ಕಚ್ಚಿಕೊಂಡರೆ ಲೇಪ ಬಳಿದ ಕಬ್ಬಿಣವೋ ಬೇರೆ ದರ್ಜೆಯ ಸ್ಟೀಲೋ ಇರಬಹುದು, ವಿಚಾರಿಸಿ.

ಕಾಲಿನ ವಿಷಯ. ಅಜ್ಜಿಯ ಒಲೆಗೆ ಮೂರೇ ಕಲ್ಲು ಇತ್ತಲ್ಲ, ಅದಕ್ಕೆ ಕಾರಣವಿತ್ತು. ಏರುಪೇರಿನ ನೆಲದಲ್ಲಿ ಮೂರು ಕಾಲು ಕುಂಟುವುದಿಲ್ಲ. ಆದರೆ ಪಕ್ಕದಿಂದ ತಳ್ಳಿದರೆ ನಾಲ್ಕು ಕಾಲಿನದಕ್ಕಿಂತ ಬೇಗ ಉರುಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳೋ ನಾಯಿಯೋ ಇದ್ದರೆ ಕುಳ್ಳಗಿನ ಅಗಲ ಕಾಲಿನದ್ದು ನೋಡಿ.

ಮುಚ್ಚಳದ ಮೇಲಿನ ಥರ್ಮಾಮೀಟರಿಗಾಗಿ ಹೆಚ್ಚು ದುಡ್ಡು ಕೊಡಬೇಡಿ. ಅದು ತೋರಿಸುವುದು ಮುಚ್ಚಳದ ಹತ್ತಿರದ ಬಿಸಿ, ಕೋಳಿಯದ್ದಲ್ಲ. ಅದೇ ದುಡ್ಡಿಗೆ ಮಾಂಸಕ್ಕೆ ಚುಚ್ಚುವ ಚಿಕ್ಕ ಥರ್ಮಾಮೀಟರ್ ಬರುತ್ತದೆ. ಕೋಳಿಯ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಬೆಂದಿದೆ ಎಂದರ್ಥ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರಿಗೆ

ಇದು ನನಗೆ ಇಷ್ಟದ ದಾರಿ. ನಮ್ಮ ಬೀದಿ ಕೊನೆಯ ಗೇಟು ಗ್ರಿಲ್ ಮಾಡುವವರ ಹತ್ತಿರ ಅಳತೆ ಬರೆದುಕೊಟ್ಟೆ. 60 ಸೆಂ.ಮೀ. ಉದ್ದ, 30 ಅಗಲ, 20 ಆಳ, 2 ಮಿ.ಮೀ. ತಗಡು, ಎರಡೂ ಅಡ್ಡ ಬದಿಯ ಕೆಳಗೆ ತೂತು. ಎರಡು ದಿನದಲ್ಲಿ ಕೈಗೆ ಬಂತು. ಎತ್ತಲು ಇಬ್ಬರು ಬೇಕು, ಆದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಸರಳಿಗೆ ಚುಚ್ಚಿದ ಕಬಾಬಿಗೆ ಜಾಲರಿಯೂ ಬೇಡ, ಸರಳನ್ನು ಅಂಚಿನಿಂದ ಅಂಚಿಗೆ ಅಡ್ಡ ಇಟ್ಟರಾಯಿತು.

ಒಂದೇ ಮಾತನ್ನು ಎರಡು ಸಲ ಹೇಳಿ: "ಎಂ.ಎಸ್. ಶೀಟ್ ಹಾಕಿ, ಜಿ.ಐ. ಬೇಡ." ಎಂ.ಎಸ್. ಅಂದರೆ ಲೇಪವಿಲ್ಲದ ಸಾದಾ ಉಕ್ಕು. ಜಿ.ಐ. ತಗಡಿನ ಮೇಲೆ ಸತುವಿನ ಲೇಪ ಇರುತ್ತದೆ. ಸತು 419 ಡಿಗ್ರಿಗೇ ಕರಗುತ್ತದೆ, ಕೆಂಡದ ಬಿಸಿ ಅದನ್ನು ಸುಲಭವಾಗಿ ದಾಟುತ್ತದೆ. ಕಾದ ಸತುವಿನಿಂದ ಏಳುವ ಹೊಗೆ ಉಸಿರಿಗೆ ಹೋದರೆ ಜ್ವರ, ಮೈಕೈ ನೋವು ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗೆಯೇ ಗುಜರಿಯ ಹಳೆ ಡ್ರಮ್ಮನ್ನು ಸೀಳಿಸಿ ಒಲೆ ಮಾಡಿಸುವುದಾದರೆ, ಅದರಲ್ಲಿ ಮೊದಲು ಏನಿತ್ತು ಅಂತ ಖಚಿತವಾಗಿ ಗೊತ್ತಿರಬೇಕು. ಕೆಮಿಕಲ್ ಡ್ರಮ್ಮು ಅಂತೂ ಬೇಡವೇ ಬೇಡ.

ಇದ್ದಿಲು ಯಾವುದು?

ಒಲೆಯಷ್ಟೇ ಮುಖ್ಯ ಇದು, ಅಲ್ವಾ? ನಮ್ಮಲ್ಲಿ ಮೂಟೆಯಲ್ಲಿ ಸಿಗುವ ಕಟ್ಟಿಗೆ ಇದ್ದಿಲಿನಲ್ಲಿ ಬಳ್ಳಾರಿ ಜಾಲಿಯದ್ದು ಜಾಸ್ತಿ. ಗಟ್ಟಿ ಮರ, ಒಳ್ಳೆಯ ಕೆಂಡ. ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಎಲ್ಲಿ ತರುತ್ತಾರೆ ಅಂತ ಹೇಳುತ್ತಾರೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಹೊಗೆ ಕಡಿಮೆ, ಬಿಸಿ ಹೆಚ್ಚು. ಬ್ರಿಕೆಟ್ ಅಂದರೆ ಇದ್ದಿಲ ಪುಡಿಗೆ ಗಂಜಿಯಂಥ ಅಂಟು ಸೇರಿಸಿ ಒತ್ತಿದ ಉಂಡೆ. ನಿಧಾನ ಹತ್ತುತ್ತದೆ, ಒಂದೇ ಸಮನೆ ಬಹಳ ಹೊತ್ತು ಉರಿಯುತ್ತದೆ. ಕಬಾಬ್, ಮೀನು, ಜೋಳಕ್ಕೆ ಕಟ್ಟಿಗೆ ಇದ್ದಿಲು ಸಾಕು. ಮುಚ್ಚಳ ಹಾಕಿ ಒಂದು ಗಂಟೆ ಬೇಯಿಸುವ ಇಡೀ ಕೋಳಿಗೆ ಬ್ರಿಕೆಟ್ ಮೇಲು.

ಎರಡು ತುಂಡನ್ನು ಒಂದಕ್ಕೊಂದು ತಟ್ಟಿ. ಟಿಣ್ ಅಂದರೆ ಒಣಗಿದೆ, ಚೆನ್ನಾಗಿ ಸುಟ್ಟಿದೆ. ದಪ್ ಅಂದರೆ ತೇವವೋ ಅರೆಸುಟ್ಟದ್ದೋ. ಅಂಥದ್ದು ಸಿಡಿಯುತ್ತದೆ, ಕಣ್ಣುರಿಸುತ್ತದೆ. ಮಳೆಗಾಲದಲ್ಲಿ ಇದ್ದಿಲು ತೇವ ಕುಡಿಯುತ್ತದೆ, ಮುಚ್ಚಳದ ಡಬ್ಬದಲ್ಲಿಡಿ.

ಮೊದಲ ಬೆಂಕಿ

ಹೊಸ ಒಲೆಯಲ್ಲಿ ಮೊದಲ ದಿನ ಏನೂ ಬೇಯಿಸಬೇಡಿ. ಕೆಂಡ ತುಂಬಿ ಮುಕ್ಕಾಲು ಗಂಟೆ ಖಾಲಿ ಉರಿಸಿ. ಬಣ್ಣದ ವಾಸನೆ, ಮಿಷನ್ ಎಣ್ಣೆ ಎಲ್ಲ ಸುಟ್ಟುಹೋಗಲಿ.

ಹಚ್ಚಲು ಪೆಟ್ರೋಲ್ ಮುಟ್ಟಲೇಬೇಡಿ. ಸೀಮೆಎಣ್ಣೆ ಹಾಕಿದರೆ ಊಟಕ್ಕೆಲ್ಲ ಅದೇ ವಾಸನೆ. ಒಲೆಯ ಜೊತೆಗೆ ನಾನು ಕೊಳ್ಳಿ ಅನ್ನುವ ಒಂದೇ ಸಾಮಾನು ಚಿಮಣಿ. ತಳದಲ್ಲಿ ಜಾಲರಿ ಇರುವ, ಹಿಡಿಯಿರುವ ಕೊಳವೆ ಅದು. ಕೆಳಗೆ ಎರಡು ಹಾಳೆ ನ್ಯೂಸ್ ಪೇಪರಿಗೆ ಅಡುಗೆ ಎಣ್ಣೆ ಸವರಿ ತುರುಕಿ, ಮೇಲೆ ಇದ್ದಿಲು ತುಂಬಿ, ಕಡ್ಡಿ ಗೀರಿ. 15-20 ನಿಮಿಷದಲ್ಲಿ ಮೇಲಿನ ತುಂಡಿಗೂ ಬೂದಿ ಬಣ್ಣ ಹತ್ತುತ್ತದೆ. ಆಗ ಒಲೆಗೆ ಸುರಿಯಿರಿ. ಚಿಮಣಿ ಇಲ್ಲದಿದ್ದರೆ ಒಣಗಿದ ತೆಂಗಿನ ನಾರು, ನಾಲ್ಕು ಚಿಪ್ಪು ಸಾಕು. ಹಳ್ಳಿಯಲ್ಲಿ ನೀರೊಲೆ ಹಚ್ಚಿ ಗೊತ್ತಿರುವವರಿಗೆ ಹೇಳಿಕೊಡುವುದೇನಿಲ್ಲ.

ಬಿಸಿ ಎಷ್ಟಿದೆ ಅಂತ ನೋಡಲು ಅಂಗೈಯನ್ನು ಜಾಲರಿಯಿಂದ ಅರ್ಧ ಗೇಣಿನಷ್ಟು ಮೇಲೆ ಹಿಡಿಯಿರಿ. ಎರಡು ಮೂರು ಸೆಕೆಂಡಿಗೇ ಕೈ ಎಳೆದುಕೊಂಡರೆ ಜೋರು ಬೆಂಕಿ, ಮೀನಿಗೆ ಸರಿ. ಐದಾರು ಸೆಕೆಂಡ್ ತಡೆದರೆ ಕೋಳಿಗೆ ಹದ. ಎಂಟು ಹತ್ತು ಸೆಕೆಂಡ್ ಆದರೆ ಹಲಸಿನ ಹಪ್ಪಳ ಸುಡುವ ಹೊತ್ತು. ಗೊಜ್ಜಿಗೆ ಬದನೆಕಾಯಿ ಬೇಕಾದರೆ ಜಾಲರಿ ಯಾಕೆ, ನೇರ ಕೆಂಡದ ಮೇಲೇ ಇಟ್ಟು ಹೊರಳಿಸಿ.

ಜಾಲರಿ ಬಿಸಿಯಿರುವಾಗಲೇ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಉಜ್ಜಿ, ಕಾವಲಿಗೆ ಉಜ್ಜುವ ಹಾಗೆಯೇ. ತಂತಿಯ ಬ್ರಷ್ ಬೇಡ. ಅದರ ಎಳೆ ಮುರಿದು ಜಾಲರಿಗೆ ಅಂಟಿ ಊಟದ ಜೊತೆ ಹೊಟ್ಟೆಗೆ ಹೋಗುವ ಅಪಾಯವಿದೆ.

ಕ್ಯಾಂಪಿಗೆ ಒಯ್ಯುವಾಗ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಮೊದಲು ತೋಟದವರನ್ನು ಕೇಳಿ. ಫೆಬ್ರವರಿ ಬಂದರೆ ಕಾಫಿ ಗಿಡದ ಬುಡದಲ್ಲಿ ಒಣ ದರಗು ಗರಗರ ಅನ್ನುತ್ತಿರುತ್ತದೆ. ಒಂದು ಕಿಡಿ ಸಾಕು. ಒಲೆ ಇಡುವ ಜಾಗದ ಸುತ್ತ ಎರಡು ಮಾರು ಗುಡಿಸಿ, ಒಂದು ಬಿಂದಿಗೆ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿಗೆ ಒಲೆ ಒಯ್ಯಬೇಡಿ. ಸರಳು ಮರೆತು ಬಂದರೆ ಕಂಡ ಗಿಡದ ಕಡ್ಡಿ ಕಿತ್ತು ಮಾಂಸ ಚುಚ್ಚಬೇಡಿ. ಕಣಗಿಲೆ ಹೂವು ಚೆಂದ, ಗಿಡವೆಲ್ಲ ವಿಷ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೊಳ್ಳಬೇಡಿ. ರಾತ್ರಿ ಚಳಿ ಅಂತ ಆರುತ್ತಿರುವ ಕೆಂಡದ ಒಲೆಯನ್ನು ಟೆಂಟಿನೊಳಗೆ, ರೂಮಿನೊಳಗೆ, ಕಾರಿನೊಳಗೆ ಎಳೆದುಕೊಳ್ಳಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ನಿಂತ ಮೇಲೂ ಅದು ಬರುತ್ತಲೇ ಇರುತ್ತದೆ. ಮಲಗಿದವರು ಏಳುವುದಿಲ್ಲ. ಟೆಂಟಿನ ಜಿಪ್ ಸ್ವಲ್ಪ ತೆರೆದಿಟ್ಟರೆ ಸಾಕು ಅನ್ನುವುದೂ ತಪ್ಪು.

ಬೂದಿ

ಒಲೆ ಕೊಳ್ಳುವಾಗ ಬೂದಿ ತೆಗೆಯುವುದು ಹೇಗೆ ಅಂತ ಕೇಳುವವರು ಕಡಿಮೆ. ತಳದಲ್ಲಿ ಎಳೆಯುವ ತಟ್ಟೆ ಇದ್ದರೆ ಸುಲಭ. ಇಲ್ಲದಿದ್ದರೆ ಇಡೀ ಒಲೆಯನ್ನು ಮಗುಚಬೇಕು, 57 ಸೆಂ.ಮೀ. ಒಲೆಯನ್ನು ಮಗುಚುವುದು ಒಬ್ಬರ ಕೆಲಸವಲ್ಲ.

ಒಮ್ಮೆ ಊಟವಾಗಿ ಮೂರು ಗಂಟೆಯ ಮೇಲೆ ಬೂದಿಯನ್ನು ತಾರಸಿಯ ಪ್ಲಾಸ್ಟಿಕ್ ಕಸದ ಬುಟ್ಟಿಗೆ ಸುರಿದು ಮಲಗಿದ್ದೆ. ಮುಟ್ಟಿ ನೋಡಿದಾಗ ತಣ್ಣಗಿತ್ತು. ಬೆಳಿಗ್ಗೆ ಹೋದರೆ ಬುಟ್ಟಿಯೇ ಇಲ್ಲ. ನೆಲದ ಮೇಲೆ ನೀಲಿ ಬಣ್ಣದ ರೊಟ್ಟಿಯೊಂದು ಅಂಟಿಕೊಂಡಿತ್ತು. ಬೂದಿಯೊಳಗೆ ಹುದುಗಿದ ಕೆಂಡ ಒಂದು ದಿನ ಕಳೆದರೂ ಜೀವಂತ ಇರಬಹುದು. ಈಗ ಮುಚ್ಚಳದ ಹಳೆ ಎಣ್ಣೆ ಡಬ್ಬ ಇಟ್ಟುಕೊಂಡಿದ್ದೇನೆ. ಎರಡು ದಿನ ಅದರಲ್ಲೇ ಬಿಟ್ಟು ಆಮೇಲೆ ಚೆಲ್ಲುತ್ತೇನೆ. ಕ್ಯಾಂಪಿನಲ್ಲಾದರೆ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ನೀರು ಸುರಿದು, ಕೈ ಹತ್ತಿರ ಹಿಡಿದು ನೋಡಿ.

ಮುಚ್ಚಳದ ಒಲೆಯಾದರೆ ಕಿಂಡಿಗಳೆಲ್ಲ ಮುಚ್ಚಿ ಬಿಡಿ, ಕೆಂಡ ತಾನೇ ಆರುತ್ತದೆ. ಉಳಿದ ಅರ್ಧ ಸುಟ್ಟ ತುಂಡುಗಳನ್ನು ಬಿಸಾಡಬೇಡಿ. ಮುಂದಿನ ಸಲ ಬೂದಿ ಕೊಡವಿ, ಚಿಮಣಿಯಲ್ಲಿ ಹೊಸ ಇದ್ದಿಲಿನ ಅಡಿಗೆ ಹಾಕಿ. ಹೊಸದಕ್ಕಿಂತ ಬೇಗ ಹತ್ತುತ್ತವೆ.